ಒಡೆದದ್ದೆಲ್ಲ ಮುರಿದದ್ದಲ್ಲ

ಕೇಳುಗರಿಗೆ ನಮಸ್ಕಾರ.

ಇದ್ದದ್ದು ಇದ್ದಂತೆ ಉಳಿಯದೆ ಬೇರೆಯಾಗುವುದನ್ನು ಹೇಳಲು ಕನ್ನಡಕ್ಕೆ ಒಂದೇ ಕ್ರಿಯಾಪದ ಸಾಲದು. ಬಟ್ಟೆ ಹರಿಯುತ್ತದೆ, ಕೋಲು ಮುರಿಯುತ್ತದೆ, ಒಣಗಿದ ಗದ್ದೆ ಬಿರಿಯುತ್ತದೆ, ಮಳೆಗಾಲದಲ್ಲಿ ನಮ್ಮ ಕೊಡಗಿನ ರಸ್ತೆಯ ಪಕ್ಕದ ಬರೆ ಕುಸಿಯುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೆ ಶಾಲೆಗೆ ಹೋಗದ ಮಗುವೂ ನಗುತ್ತದೆ. ಈ ಗುಂಪಿನಲ್ಲಿ ನನ್ನನ್ನು ಹೆಚ್ಚು ಕಾಡಿರುವುದು ‘ಒಡೆ’ ಎಂಬ ಎರಡಕ್ಷರದ ಮಾತು. ತಮಿಳಿನ ‘ಉಡೈ’ ಇದರ ಸೋದರ. ಅಲ್ಲಿಯ ‘ಕುಡೈ’ ನಮ್ಮಲ್ಲಿ ‘ಕೊಡೆ’ಯಾಗಿರುವಂತೆಯೇ ಇದೂ.

ಕಾಯಿ, ಮೊಟ್ಟೆ, ಮಡಕೆ ಇವೆಲ್ಲ ಒಡೆಯುವುದರಿಂದ, ಚಿಪ್ಪು ಅಥವಾ ಪೊಳ್ಳು ಇರುವ ವಸ್ತುಗಳಿಗೇ ಈ ಮಾತು ಮೀಸಲು ಎಂದು ತೋರಬಹುದು. ಆದರೆ ಮಳೆ ಹಿಡಿಯುವ ಮುಂಚೆ ಸೌದೆ ಕೂಡಿಡುವ ಯಾವುದಾದರೂ ಮನೆಯ ಅಂಗಳದಲ್ಲಿ ನಿಂತು ಗಮನಿಸಿ. ತೋಟದಲ್ಲಿ ಮರ ಕಪಾತು ಮಾಡಿದಾಗ ಬಿದ್ದ ತೆಳ್ಳನೆಯ ರೆಂಬೆಯನ್ನು ಮೊಣಕಾಲಿಗೆ ಒತ್ತಿ ಅಡ್ಡಕ್ಕೆ ಎರಡು ಮಾಡಿದರೆ ಅದನ್ನು ‘ಮುರಿದ’ ಎನ್ನುತ್ತೇವೆ. ಅದೇ ಮರದ ದಪ್ಪ ತುಂಡನ್ನು ನೆಟ್ಟಗೆ ನಿಲ್ಲಿಸಿ ಕೊಡಲಿಯಿಂದ ಉದ್ದಕ್ಕೆ ಸೀಳಿದರೆ ‘ಸೌದೆ ಒಡೆದ’ ಎನ್ನುತ್ತೇವೆ. ಮರ ಅದೇ, ಕೈಯೂ ಅದೇ. ಮುರಿದಾಗ ಉದ್ದ ಹೋಯಿತು, ಅಷ್ಟೆ. ಒಡೆದಾಗ ಮಾತ್ರ ಒಳಗಿನ ತಿರುಳು ಹೊರಗೆ ಕಾಣಿಸಿತು. ‘ಒಡೆ’ ಎಂಬುದರ ಜೀವ ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಗುಟ್ಟು ಒಡೆಯುತ್ತದೆ, ಒಗಟನ್ನು ಒಡೆಯುತ್ತಾರೆ. ಕಾಯಿಸಲು ಇಟ್ಟ ಹಾಲು ಒಡೆದರೆ ಅದುವರೆಗೆ ಕಣ್ಣಿಗೆ ಬೀಳದೆ ಬೆರೆತಿದ್ದ ನೀರು ಬೇರೆಯಾಗಿ ನಿಲ್ಲುತ್ತದೆ. ಕೊಡವರು ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ‘ಹೊಡೆಯುತ್ತಾರೆ’, ಗುರಿ ತಾಗಿದರೆ ಕಾಯಿ ‘ಒಡೆಯುತ್ತದೆ’.

ಹೀಗಾಗಿಯೇ ಹುಟ್ಟುವುದನ್ನು ಹೇಳಲೂ ಇದೇ ಪದ ಒದಗಿತು. ಮೊಳಕೆಯೊಡೆ, ಚಿಗುರೊಡೆ, ಕವಲೊಡೆ. ನಾಟಿಯಾದ ಭತ್ತ ಮಳೆಗಾಲವನ್ನು ದಾಟಿ, ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಕೆಲವು ವಾರಗಳಿರುವಾಗ ತೆನೆಯೊಡೆಯುತ್ತದೆ. ಅಲ್ಲಿ ಯಾವುದೂ ಹಾಳಾಗುವುದಿಲ್ಲ. ಎಲೆಯ ಪೊರೆಯೊಳಗೆ ಬಲಿಯುತ್ತಿದ್ದ ತೆನೆ ಪೊರೆ ಬಿಡಿಸಿಕೊಂಡು ಹೊರಗೆ ಬರುತ್ತದೆ.

‘ಮುರಿ’ ಎಂಬುದಕ್ಕೆ ಈ ಭಾಗ್ಯವಿಲ್ಲ. ನಿಶ್ಚಯವಾದ ಮದುವೆ ಮುರಿದುಬೀಳುತ್ತದೆ, ಕೊಟ್ಟ ಮಾತು ಮುರಿಯುತ್ತದೆ, ಅಲ್ಲಿಗೆ ಮುಗಿಯಿತು. ಐನೂರರ ನೋಟನ್ನು ಮುರಿಸಿದರೆ ಯಾರಿಗೂ ನಷ್ಟವಿಲ್ಲ ಎಂದು ನೀವು ಆಕ್ಷೇಪಿಸಬಹುದು. ನೋಟು ಮುರಿಸಿದ ಮೇಲೆ ಅದು ಸಂಜೆಯವರೆಗೆ ಉಳಿದ ಉದಾಹರಣೆಯನ್ನು ನಾನಂತೂ ಕಂಡಿಲ್ಲ.

ಕುಟುಂಬದ ವಿಚಾರಕ್ಕೆ ಬಂದಾಗ ಈ ಆಯ್ಕೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಗಂಡ ಹೆಂಡತಿಯ ಸಂಬಂಧ ಮುರಿಯಿತು ಎನ್ನುವವರೇ ಅಣ್ಣತಮ್ಮಂದಿರು ಬೇರೆಯಾದಾಗ ಮನೆ ಒಡೆಯಿತು ಎನ್ನುತ್ತಾರೆ. ಕಾಗದದಲ್ಲಿ ಅದು ವಿಭಾಗಪತ್ರ. ಬಾಯಲ್ಲಿ ಪಾಲಾಯಿತು ಎಂದಷ್ಟೇ. ಒಕ್ಕ ಎಂದು ಕರೆಯುವ ಕೊಡವ ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯನ್ನು ಪಾಲು ಮಾಡದೆ ಒಕ್ಕದ ಹೆಸರಿನಲ್ಲೇ ಇಟ್ಟುಕೊಂಡು ಬಂದ ಸಂಪ್ರದಾಯವಿದ್ದುದರಿಂದ, ಒಕ್ಕದವರು ಬೇರೆ ಬೇರೆ ತೋಟಗಳಲ್ಲಿ ಮನೆ ಕಟ್ಟಿಕೊಂಡು ದೂರವಿದ್ದರೂ ಹುತ್ತರಿಗೆ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರುತ್ತಾರೆ. ಅಂಥವರನ್ನು ಕುರಿತು ‘ಬೇರೆ ಮನೆ ಮಾಡಿದ್ದಾರೆ’ ಎನ್ನುವುದು ಸರಿ. ‘ಮನೆ ಒಡೆದಿದೆ’ ಎಂದರೆ ಐನ್‌ಮನೆಯ ಹಿರಿಯರು ಒಪ್ಪಲಾರರು.

ನಮಸ್ಕಾರ.