ಮೀನಿನ ತೊಟ್ಟಿಗೆ ವಿಷ ಬಿದ್ದಾಗ ನೀರು ಬದಲಿಸುವ ಬಗೆ

ಮೀನಿನ ತೊಟ್ಟಿಯೊಳಗೆ ಸೋಪಿನ ನೀರೋ, ಸೊಳ್ಳೆ ಔಷಧಿಯ ಹನಿಗಳೋ, ನೆಲ ಒರೆಸುವ ದ್ರವವೋ ಬಿದ್ದರೆ, ಮೊದಲ ಒಂದೆರಡು ಗಂಟೆಗಳಲ್ಲಿ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ ಮೀನುಗಳ ಜೀವ ನಿಂತಿರುತ್ತದೆ. ವಾರವಾರವೂ ಕಾಲು ಭಾಗ ನೀರು ತೆಗೆದು ರೂಢಿಯಾದ ಕೈ ಅಂಥ ಹೊತ್ತಿನಲ್ಲೂ ಕಾಲು ಭಾಗಕ್ಕೇ ನಿಂತುಬಿಡುತ್ತದೆ. ಹೆಚ್ಚು ನೀರು ತೆಗೆದರೆ ಒಳ್ಳೆಯ ಬ್ಯಾಕ್ಟೀರಿಯಗಳೆಲ್ಲ ಹೋಗಿಬಿಡುತ್ತವೆ ಎಂಬ ಭಯ ಅದಕ್ಕೆ ಕಾರಣ. ಆ ಭಯ ನಿಮ್ಮಲ್ಲಿ ಉಳಿಯಬಾರದು ಎಂಬ ಕಳಕಳಿಯಿಂದಲೇ ಈ ವಿಡಿಯೋ ಮಾಡುತ್ತಿದ್ದೇನೆ.

ಮೀನಿನ ತ್ಯಾಜ್ಯದಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಬಹುಪಾಲು ಫಿಲ್ಟರಿನ ಸ್ಪಂಜಿಗೆ, ಜಲ್ಲಿಗೆ, ಗಾಜಿಗೆ ಅಂಟಿಕೊಂಡು ಬದುಕುತ್ತವೆ. ನೀರಿನಲ್ಲಿ ತೇಲುತ್ತಿರುವುದು ಅತ್ಯಲ್ಪ. ಆದ್ದರಿಂದ ನೂರಕ್ಕೆ ಎಂಬತ್ತು ಭಾಗ ನೀರು ತೆಗೆದರೂ, ಸ್ಪಂಜು ಒಣಗದಂತೆ ನೋಡಿಕೊಂಡರೆ, ಅವು ಉಳಿಯುತ್ತವೆ. ಅವುಗಳನ್ನು ಕೊಲ್ಲುವುದು ಒಳಗೆ ಬಿದ್ದ ವಿಷ ಅಥವಾ ಹೊಸ ನೀರಿನ ಕ್ಲೋರಿನ್.

ಈಗ ಲೆಕ್ಕಕ್ಕೆ ಬರೋಣ. ಅರ್ಧ ನೀರು ತೆಗೆದು ಮತ್ತೆ ತುಂಬಿದರೆ ನೀರಿನಲ್ಲಿ ಕರಗಿದ ವಿಷದಲ್ಲಿ ಶೇ 50 ಉಳಿಯುತ್ತದೆ, ಎರಡನೆಯ ಸಲಕ್ಕೆ ಶೇ 25, ಮೂರನೆಯ ಸಲಕ್ಕೆ ಶೇ 12.5. ಒಂದೇ ಸಲಕ್ಕೆ ಶೇ 80ರಷ್ಟು ತೆಗೆದರೆ ಉಳಿಯುವುದು ಶೇ 20 ಮಾತ್ರ. ಒಂದು ಕಡೆಯಿಂದ ಕೊಳವೆಯಲ್ಲಿ ಹೊರಬಿಡುತ್ತ, ಇನ್ನೊಂದು ಕಡೆಯಿಂದ ಹೊಸ ನೀರು ಸುರಿಯುತ್ತ ಹೋಗುವುದು ಮೀನಿಗೆ ಹಿತವೆಂದು ತೋರಬಹುದು. ಆದರೆ ಆಗ ಹಾಕಿದ ಹೊಸ ನೀರೂ ಹಳೆಯದರ ಜೊತೆ ಬೆರೆತು ಹೊರಹೋಗುತ್ತದೆ: 100 ಲೀಟರಿನ ತೊಟ್ಟಿಗೆ ಹಾಗೆ 100 ಲೀಟರ್ ಸುರಿದರೂ ಸುಮಾರು ಶೇ 37 ವಿಷ ಒಳಗೇ ಇರುತ್ತದೆ. ಅಷ್ಟೇ ನೀರನ್ನು ಎರಡು ಸಲ ಅರ್ಧರ್ಧ ತೆಗೆದು ತುಂಬಿದ್ದರೆ ಶೇ 25ಕ್ಕೆ ಇಳಿಯುತ್ತಿತ್ತು. ಮೊದಲು ತೆಗೆಯಿರಿ, ಆಮೇಲೆ ತುಂಬಿ.

ಕೊಳವೆ ಹಾಕುವ ಮುನ್ನ ನೀರಿನ ಮೇಲ್ಮೈಯನ್ನು ಒಮ್ಮೆ ನೋಡಿ. ಎಣ್ಣೆಯಂಥ ಪದರವೋ ನೊರೆಯೋ ಇದ್ದರೆ, ತಳದಿಂದ ನೀರು ಇಳಿದಂತೆಲ್ಲ ಅದು ಗಾಜಿಗೆ, ಗಿಡಗಳಿಗೆ, ಕೊನೆಗೆ ಜಲ್ಲಿಗೂ ಮೆತ್ತಿಕೊಳ್ಳುತ್ತದೆ. ಲೋಟವನ್ನು ಅಂಚಿನವರೆಗೆ ಮುಳುಗಿಸಿ ಆ ಪದರವನ್ನು ಮೊದಲು ಎತ್ತಿ ಚೆಲ್ಲಬೇಕು. ಗೌರಾಮಿ, ಬೆಟ್ಟಾ (ಫೈಟರ್) ಮೀನುಗಳಿದ್ದರೆ ಈ ಕೆಲಸಕ್ಕೆ ಇನ್ನೂ ಅವಸರವಿದೆ. ಅವು ಉಸಿರಿಗಾಗಿ ಬಾಯಿ ಇಡುವುದೇ ಆ ಮೇಲ್ಮೈಗೆ. ಕೋಣೆಯಲ್ಲಿ ಕೀಟನಾಶಕ ಸಿಂಪಡಿಸಿದ್ದರೆ ಏರ್ ಪಂಪನ್ನು ಶುದ್ಧ ಗಾಳಿ ಇರುವ ಕಡೆಗೆ ಒಯ್ಯಿರಿ, ಇಲ್ಲವಾದರೆ ಅದು ಆ ಔಷಧಿಯನ್ನೇ ಎಳೆದು ನೀರಿಗೆ ಊದುತ್ತದೆ. ನೀರು ಇಳಿಸುವ ಮುನ್ನ ಹೀಟರಿನ ವಿದ್ಯುತ್ ತೆಗೆಯುವುದನ್ನು ಮರೆಯಬೇಡಿ.

ಹೊಸ ನೀರಿನ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ನಲ್ಲಿ ನೀರಾದರೆ ಕ್ಲೋರಿನ್ ನಿವಾರಕವನ್ನು ಹಾಕಲೇಬೇಕು. ಕ್ಲೋರಮೀನ್ (ಕ್ಲೋರಿನ್ ಮತ್ತು ಅಮೋನಿಯ ಸೇರಿದ ಸಂಯುಕ್ತ) ಬೆರೆಸಿದ ನೀರಂತೂ ಇಡೀ ದಿನ ತೆರೆದಿಟ್ಟರೂ ಸರಿಹೋಗುವುದಿಲ್ಲ. ಉಷ್ಣತೆ ಹಳೆಯ ನೀರಿಗೆ ಆದಷ್ಟು ಹತ್ತಿರವಿರಲಿ. ಬಹುಕಾಲ ನೀರು ಬದಲಿಸದೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7ಕ್ಕಿಂತ ಕೆಳಗಿಳಿದ ತೊಟ್ಟಿಯಲ್ಲಿ ಒಂದು ಅಪಾಯ ಅಡಗಿದೆ. ಅಲ್ಲಿ ಸೇರಿಕೊಂಡ ಅಮೋನಿಯ ಹೆಚ್ಚಾಗಿ ಅಮೋನಿಯಂ ರೂಪದಲ್ಲಿದ್ದು ಅಷ್ಟೊಂದು ಕೆಡುಕು ಮಾಡುವುದಿಲ್ಲ. ಪಿಎಚ್ 8ರ ನೀರು ಒಮ್ಮೆಲೇ ಬಂದು ಬೆರೆತಾಗ ಅಳಿದುಳಿದದ್ದರಲ್ಲಿ ಹೆಚ್ಚು ಪಾಲು ವಿಷಕಾರಿ ಅಮೋನಿಯವಾಗುತ್ತದೆ. ಅಂಥ ತೊಟ್ಟಿಯಲ್ಲಿ ಅಮೋನಿಯವನ್ನೂ ಬಂಧಿಸುವ ನಿವಾರಕವನ್ನು ಬಳಸುವುದು, ಮೊದಲ ಸಲವೇ ಸಾಧ್ಯವಾದಷ್ಟು ಹೆಚ್ಚು ಹಳೆಯ ನೀರನ್ನು ತೆಗೆಯುವುದು ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ. ಬಿದ್ದ ವಿಷ ಇಂದೇ ಕೊಲ್ಲುವಂಥದ್ದಾಗಿರುವಾಗ ಪಿಎಚ್ ವ್ಯತ್ಯಾಸಕ್ಕೆ ಅಂಜಿ ಕೈಕಟ್ಟಿ ಕೂರುವುದನ್ನು ನಾನು ಒಪ್ಪಲಾರೆ.

ತುಂಬಿದ ಮೇಲೆ ಫಿಲ್ಟರಿನಲ್ಲಿ ಹೊಸ ಸಕ್ರಿಯ ಇಂಗಾಲ ಇಡಿ, ಗಾಳಿಯನ್ನು ಜೋರಾಗಿ ಬಿಡಿ, ಒಂದೆರಡು ದಿನ ಆಹಾರ ಹಾಕಬೇಡಿ. ಕೀಟನಾಶಕ, ಬಣ್ಣದ ದ್ರಾವಕ ಮೊದಲಾದ ಸಾವಯವ ರಾಸಾಯನಿಕಗಳನ್ನು ಇಂಗಾಲ ಚೆನ್ನಾಗಿ ಹಿಡಿಯುತ್ತದೆ, ತಾಮ್ರದಂಥ ಲೋಹವನ್ನು ಅಷ್ಟಾಗಿ ಹಿಡಿಯದು. ಮೀನು ತಡೆದುಕೊಳ್ಳುವಷ್ಟು ತಾಮ್ರವೂ ಸಿಗಡಿ, ಬಸವನಹುಳುಗಳನ್ನು ಕೊಲ್ಲಬಲ್ಲದು. ಅವುಗಳನ್ನು ಮೊದಲೇ ಬೇರೆ ಪಾತ್ರೆಗೆ, ಸಿದ್ಧಪಡಿಸಿದ ನೀರಿಗೆ ಸಾಗಿಸುವುದು ಲೇಸು. ಕೀಟನಾಶಕವು ಜಲ್ಲಿಗೂ ಕೊಳೆಗೂ ಅಂಟಿಕೊಂಡು ನಿಧಾನವಾಗಿ ಮತ್ತೆ ನೀರಿಗೆ ಬರಬಹುದಾದ್ದರಿಂದ, ಮರುದಿನವೂ ಅದರ ಮರುದಿನವೂ ತಳದ ಕೊಳೆಯನ್ನು ಕೊಳವೆಯಿಂದ ಎಳೆಯುತ್ತ ಅರ್ಧದಷ್ಟು ನೀರು ಬದಲಿಸಬೇಕು. ಒಂದೆರಡು ವಾರ ಅಮೋನಿಯ, ನೈಟ್ರೈಟ್ ಪರೀಕ್ಷೆ ಮಾಡುತ್ತಿರಿ. ಎರಡರಲ್ಲಿ ಯಾವುದು ಏರಿದರೂ ಬ್ಯಾಕ್ಟೀರಿಯಗಳಿಗೆ ಪೆಟ್ಟು ಬಿದ್ದಿದೆ ಎಂದು ತಿಳಿದು, ಎರಡೂ ಸೊನ್ನೆಗೆ ಇಳಿಯುವವರೆಗೆ ನೀರು ಬದಲಿಸುವುದನ್ನು ಮುಂದುವರಿಸಿ.