ಹಿತ್ತಲ ಕೊಳದ ನೀರು ಹೋಗುತ್ತಿದ್ದುದು ಎಲ್ಲಿಗೆ?

ನಮಸ್ಕಾರ. ಮೊದಲು, ನೀರು ಇಂಗದಂತೆ ಕೊಳಕ್ಕೆ ಹಾಸಿದ ಈ ಕಪ್ಪು ಹಾಳೆಯನ್ನು ಗಮನಿಸಿ. ಹಿಂದಿನ ವಿಡಿಯೋದಲ್ಲಿ ಇದು ಪೂರ್ತಿ ನೀರಿನೊಳಗಿತ್ತು. ಈಗ ಐದು ಬೆರಳಗಲ ಬಿಸಿಲಿಗೆ ಬಿದ್ದಿದೆ. ಮೈಸೂರಿನ ನಮ್ಮ ಹಿತ್ತಲಿನಲ್ಲಿ ಕಪ್ಪೆಗಳಿಗೂ ಏರೋಪ್ಲೇನ್ ಚಿಟ್ಟೆಗಳಿಗೂ ಎಂದು ತೋಡಿಸಿದ ಈ ಕೊಳದ ಉದ್ದ ಮೂರು ಮೀಟರ್, ಅಗಲ ಎರಡು ಮೀಟರ್. ಏಪ್ರಿಲ್ ಬಿಸಿಲಿಗೆ ನೀರು ಆವಿಯಾಗುತ್ತಿದೆ, ಅಷ್ಟೇ ಎಂದು ಆಗ ನಾನು ಬಹಳ ಗತ್ತಿನಿಂದ ಹೇಳಿದ್ದೆ. ಆ ಮಾತನ್ನು ಈಗ ಹಿಂದಕ್ಕೆ ಪಡೆಯುತ್ತಿದ್ದೇನೆ.

ಕೊಳದೊಳಗಿನ ಮೆಟ್ಟಿಲ ಮೇಲೆ ಕಾಣುತ್ತಿರುವ ಬಕೆಟ್ಟಿಗೆ ಕಲ್ಲು ಹಾಕಿ, ಒಳಗಿನ ನೀರನ್ನು ಹೊರಗಿನ ನೀರಿನ ಮಟ್ಟಕ್ಕೇ ತುಂಬಿಸಿ, ಎರಡೂ ಕಡೆ ಗುರುತು ಹಾಕಿದ್ದೆ. ಬಿಸಿಲು, ಗಾಳಿ ಎರಡಕ್ಕೂ ಒಂದೇ ಆದ್ದರಿಂದ, ಆವಿಯೊಂದೇ ಕಾರಣವಾಗಿದ್ದರೆ ಎರಡೂ ಸಮನಾಗಿ ಇಳಿಯಬೇಕು. 24 ಗಂಟೆಗಳಲ್ಲಿ ಬಕೆಟ್ಟಿನ ನೀರು 7 ಮಿಲಿಮೀಟರ್ ಇಳಿದರೆ ಕೊಳದ ನೀರು 25 ಮಿಲಿಮೀಟರ್ ಇಳಿದಿತ್ತು. ಹೆಚ್ಚಿನ 18 ಮಿಲಿಮೀಟರನ್ನು ಆರು ಚದರ ಮೀಟರಿಗೆ ಲೆಕ್ಕ ಹಾಕಿದರೆ 108 ಲೀಟರ್ ಆಗುತ್ತದೆ. ದಿನಕ್ಕೆ ಏಳು ಕೊಡ ನೀರು ಮಣ್ಣುಪಾಲು!

ಹಾಳೆ ಹಾಸಿದವರಿಗೆ ಫೋನ್ ಮಾಡಿದರೆ, ಅವರು ಬಂದು ನೋಡುವ ಗೋಜಿಗೂ ಹೋಗದೆ, ತೂತಾಗಿರಬೇಕು, ಬದಲಾಯಿಸಲು 9,000 ರೂಪಾಯಿ ಎಂದರು. ಇದು ಕೃಷಿ ಹೊಂಡಗಳಿಗೆ ಹಾಸುವ 500 ಮೈಕ್ರಾನಿನ ಹಾಳೆ. ತಿಂಗಳೊಳಗೆ ತಾನಾಗಿ ತೂತಾಗುವ ವಸ್ತುವಲ್ಲ. ಆದರೂ ಗಾಬರಿಯಲ್ಲಿ, ನೀರಿಗೆ ಸುರಿದರೆ ಸೋರಿಕೆಯನ್ನು ತಾನೇ ಹುಡುಕಿ ಮುಚ್ಚುತ್ತದೆ ಎಂಬ ಪುಡಿಯೊಂದಕ್ಕೆ 650 ರೂಪಾಯಿ ಕೊಟ್ಟೆ. ಚೀಲ ಕತ್ತರಿಸಿದ ಮೇಲೆ ವಿವರಗಳನ್ನು ಓದಿದ್ದು ನನ್ನ ದಡ್ಡತನ. ಗೊದಮೊಟ್ಟೆಗಳಿರುವ ನೀರಿಗೆ ಹಾಕಬಹುದೇ ಎಂಬುದಕ್ಕೆ ಅದರ ಮೇಲೆ ಒಂದಕ್ಷರವೂ ಇರಲಿಲ್ಲ, ಕತ್ತರಿಸಿದ ಚೀಲವನ್ನು ಅಂಗಡಿಯವರು ಹಿಂದಕ್ಕೆ ಪಡೆಯಲೂ ಇಲ್ಲ. ಅಂಥ ಪುಡಿಗಳೆಲ್ಲ ಮೋಸ ಎಂದು ಅಂದು ಸಂಜೆ ಕೂಗಾಡಿದೆ. ಈಗ ಯೋಚಿಸಿದರೆ, ಮೋಸವೋ ಅಲ್ಲವೋ, ನನ್ನ ಕೊಳಕ್ಕೆ ಅದು ಬೇಕಾಗಿರಲೇ ಇಲ್ಲ.

ಆಮೇಲೆ ನಾಲ್ಕು ದಿನ ನೀರು ತುಂಬಿಸದೆ ಬಿಟ್ಟೆ. ತೂತಿದ್ದರೆ ಆ ತೂತಿನ ಮಟ್ಟಕ್ಕೆ ಬಂದ ಮೇಲೆ ಸೋರಿಕೆ ನಿಲ್ಲುತ್ತದೆ, ಹುಡುಕಾಟ ಆ ಒಂದು ಗೆರೆಗೆ ಸೀಮಿತವಾಗುತ್ತದೆ. ಅಂತೆಯೇ ಹೆಚ್ಚಿನ ಇಳಿತ ನಿಂತು, ಕೊಳ ಮತ್ತು ಬಕೆಟ್ ಸಮನಾಗಿ ಇಳಿಯತೊಡಗಿದವು. ಆದರೆ ಮೊಣಕಾಲೂರಿ ಸುತ್ತಲೂ ಬೆರಳಾಡಿಸಿದರೂ ಸೂಜಿಮೊನೆಯಷ್ಟು ತೂತು ಸಿಗಲಿಲ್ಲ.

ಗುಟ್ಟು ಬಿಟ್ಟುಕೊಟ್ಟವರು ಅಮ್ಮ. ಸಂಕಷ್ಟಿಯ ಪೂಜೆಗೆ ಗರಿಕೆ ಕೀಳಲು ಬಂದವರು, “ಹಿತ್ತಲೆಲ್ಲ ಒಣಗಿದ್ರೂ ಇಲ್ಲಿ ಮಾತ್ರ ಎಷ್ಟು ಎಳೇದಾಗಿದೆ ನೋಡೋ” ಎಂದರು. ಕ್ಯಾಮೆರಾವನ್ನು ಸ್ವಲ್ಪ ಹತ್ತಿರ ತರುತ್ತೇನೆ. ಒಂದು ಗೇಣಗಲದ ಹಸಿರು ಪಟ್ಟಿ ಕೊಳದ ಅಂಚಿಗೆ ಅಂಟಿಕೊಂಡೇ ಸಾಗುತ್ತದೆ, ಅದರಾಚೆಗಿನ ಹುಲ್ಲೆಲ್ಲ ಕಂದು. ಕಪ್ಪು ಹಾಳೆ ಅಸಹ್ಯವಾಗಿ ಕಾಣುತ್ತದೆಂದು ಅಂಚಿಗೆ ಗೋಣಿತಾಟು ಹೊದಿಸಿದವನು ನಾನೇ. ಅದರ ಒಂದು ತುದಿ ನೀರಿನಲ್ಲಿ, ಇನ್ನೊಂದು ತುದಿ ಹೊರಗಿನ ಮಣ್ಣಿನಲ್ಲಿ. ಹಣತೆಯ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಅದು ಹಗಲೂ ರಾತ್ರಿ ನೀರನ್ನು ಅಂಚು ದಾಟಿಸುತ್ತಿತ್ತು. ನೀರು ಅದಕ್ಕೆ ಎಟುಕದಷ್ಟು ಇಳಿದಾಗ ತಾನೇ ಸುಮ್ಮನಾಯಿತು.

ಗೋಣಿಯನ್ನು ಕತ್ತರಿಸುವುದನ್ನು ನೋಡುತ್ತಿದ್ದೀರಿ. ಹಾಳೆಯ ತುದಿಯನ್ನು ಮೇಲಕ್ಕೆ ನಿಲ್ಲಿಸಿ, ಹಿಂದೆ ಮಣ್ಣು ಕೊಟ್ಟು, ಮರೆಗೆ ಕಲ್ಲು ಜೋಡಿಸಿದ್ದೇನೆ. ಒಂದು ದಿನ ಡ್ರಮ್ಮಿನಲ್ಲಿ ತೆರೆದಿಟ್ಟು ಕ್ಲೋರಿನ್ ಹೋಗಿಸಿದ ನಲ್ಲಿ ನೀರನ್ನೇ ತುಂಬಿಸಿದೆ. ಮಳೆನೀರಲ್ಲದೆ ಬೇರೆ ಹಾಕುವುದಿಲ್ಲವೆಂಬ ನನ್ನ ಶಪಥ ಮಳೆಗಾಲದವರೆಗೆ ಅಮಾನತಿನಲ್ಲಿದೆ. ಇಂದು ಬೆಳಗಿನ ಅಳತೆಯಲ್ಲಿ ಬಕೆಟ್ 7, ಕೊಳ 8 ಮಿಲಿಮೀಟರ್. ಬ್ಯಾಟರಿ ಮುಗಿಯುತ್ತಿದೆ. ಗರಿಕೆಯ ಪಟ್ಟಿ ಆಗಲೇ ಬಾಡತೊಡಗಿದ್ದು, ಅದಕ್ಕೆ ದಿನವೂ ಒಂದು ಚೊಂಬು ನೀರನ್ನು ನಾನೇ ಹಾಕಬೇಕಂತೆ, ಅಮ್ಮನ ಅಪ್ಪಣೆ.