ಒಡ್ಡಿಗಿಂತ ಮೊದಲು ಕೋಡಿ

ರೈತ ಬಾಂಧವರಿಗೆ ನಮಸ್ಕಾರ. ಸ್ವಂತ ಹೊಲದ ಹಳ್ಳಕ್ಕೆ ಮಣ್ಣಿನ ಒಡ್ಡು ಹಾಕಬೇಕು ಅನ್ನುವವರು ಕೇಳುವ ಪ್ರಶ್ನೆ ಒಂದೇ: ಎಷ್ಟು ಎತ್ತರ ಏರಿಸಬೇಕ್ರಿ? ನಾನು ತಿರುಗಿ ಕೇಳುವುದೂ ಒಂದೇ: ಕೋಡಿ ಎಲ್ಲಿ? ನೀರು ನಿಲ್ಲಿಸುವ ಮಾತು ಆಮೇಲೆ. ಹೆಚ್ಚಾದ ನೀರು ಒಡ್ಡಿನ ಮೈ ಮುಟ್ಟದೆ ಹೋಗುವ ದಾರಿ ಮೊದಲು.

ವಿಜಯಪುರದ ಕಡೆಯ ಡೋಣಿ ಹೊಳೆಯ ಸೀಮೆಯಲ್ಲಿ ಒಂದು ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ ಆದದ್ದು ಕೇಳಿರಿ. ಮೇಲಿನ 25 ಎಕರೆಯ ನೀರು ಇಳಿದು ಬರುವ ಜಾಗ. ಮೇ ತಿಂಗಳಲ್ಲಿ ಜೆಸಿಬಿ ತರಿಸಿ ಎರಡೇ ದಿನದಲ್ಲಿ 12 ಅಡಿ ಒಡ್ಡು ಏರಿಸಿದರು. ನೀರು ಚಿಮುಕಿಸಲಿಲ್ಲ, ರೋಲರ್ ಓಡಿಸಲಿಲ್ಲ. ಒಣ ಹೆಂಟೆಯ ಮೇಲೆ ಹೆಂಟೆ. ಕೋಡಿಯ ಹೆಸರಿಗೆ ನಟ್ಟನಡುವೆ 9 ಇಂಚಿನ ಎರಡು ಸಿಮೆಂಟ್ ಪೈಪು ಹುಗಿದರು. ಜೂನ್, ಜುಲೈ ದಾಟಿತು. ಊರವರೆಲ್ಲ ಬಂದು ನೋಡಿ ಹೊಗಳಿದರು. ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ, ತಾಸಿನೊಳಗೆ 2 ಇಂಚು ಮಳೆ.

ಲೆಕ್ಕ ಹಾಕಿರಿ. ಎಕರೆಗೆ ಒಂದು ಇಂಚು ಮಳೆ ಅಂದರೆ ಸುಮಾರು 1 ಲಕ್ಷ ಲೀಟರ್. 25 ಎಕರೆಗೆ 2 ಇಂಚು, 50 ಲಕ್ಷ. ನೆನೆದ ಎರೆ ಮಣ್ಣು ನೀರು ಕುಡಿಯುವುದು ಕಡಿಮೆ. ಅರ್ಧವೇ ಹರಿದು ಬಂದರೂ ಸೆಕೆಂಡಿಗೆ 700 ಲೀಟರ್. ಆ ಎರಡು ಪೈಪು ಸಾಗಿಸುವುದು 150ರ ಆಸುಪಾಸು. ಉಳಿದದ್ದು ಎಲ್ಲಿಗೆ ಹೋಗಬೇಕು? ಒತ್ತದೆ ಸುರಿದ ಮಣ್ಣು ಅಷ್ಟರಲ್ಲಿ ಒಂದಡಿಗಿಂತ ಹೆಚ್ಚು ಕುಸಿದಿತ್ತು, ಅದೂ ಎಲ್ಲಕ್ಕಿಂತ ಎತ್ತರವಿದ್ದ ನಡುಭಾಗದಲ್ಲಿ. ನೀರು ಅಲ್ಲೇ ಉಕ್ಕಿತು, ಹೊರಮೈ ಕೊರೆಯಿತು, ಪೈಪಿನ ಗುಂಟ ಇನ್ನೊಂದು ಬಾಯಿ ತೆರೆಯಿತು. ಬೆಳಗಾಗುವಷ್ಟರಲ್ಲಿ ಒಡ್ಡು ಹೋಗಿತ್ತು. ಕೆಳಗಿನವರ ತೊಗರಿಯ ಮೇಲೆ ಮೊಣಕಾಲುದ್ದ ರಾಡಿ. ಬರೀ 20 ಲಕ್ಷ ಲೀಟರ್ ಉಳಿದಿದ್ದರೂ 10 ಎಕರೆ ಕಡಲೆಗೆ ಎರಡಿಂಚಿನ ಒಂದು ನೀರು ಆಗುತ್ತಿತ್ತು. ‘ಮಳಿ ಭಾಳ ಜೋರ್ ಆತ್ರಿ, ಏನ್ ಮಾಡೂದು’ ಅಂದರು ಒಡ್ಡು ಹಾಕಿಸಿದವರು. ತಾಸಿಗೆ 2 ಇಂಚು ನಮ್ಮ ಕಡೆ ಹೊಸದಲ್ಲ. ಕೋಡಿ ಇರಲಿಲ್ಲ, ಅಷ್ಟೇ.

ಕೋಡಿಯನ್ನು ಒಡ್ಡಿನ ತುದಿಯಾಚೆ, ಯಾರೂ ಕೆದಕದ ಗಟ್ಟಿ ನೆಲದಲ್ಲಿ ಕಡಿಯಿರಿ. 25 ಎಕರೆಗೆ 13 ಅಡಿ ಅಗಲ ಬೇಕು. ತಳ ಮಟ್ಟವಾಗಿರಲಿ, ಕಲ್ಲು ಹಾಸಿರಿ ಇಲ್ಲವೆ ಕರಿಕೆ ಹುಲ್ಲು ಹಚ್ಚಿರಿ. ಆ ತಳ ಒಡ್ಡಿನ ನೆತ್ತಿಗಿಂತ 3 ಅಡಿ ಕೆಳಗಿರಬೇಕು. ಇನ್ನೊಂದಡಿ ನೀರು ನಿಲ್ಲಲಿ ಅಂತ ಕೋಡಿಗೆ ಉಸುಕಿನ ಚೀಲ ಒಡ್ಡುವವರಿದ್ದಾರೆ. ದಯವಿಟ್ಟು ಬೇಡ.

ವೇಳೆ ಆಗುತ್ತ ಬಂತು, ಉಳಿದದ್ದು ಚುಟುಕಾಗಿ. ಒಡ್ಡಿನ ಉದ್ದಕ್ಕೂ ಗಟ್ಟಿ ನೆಲ ಸಿಗುವವರೆಗೆ 4 ಅಡಿ ಅಗಲದ ಪಾಯ ತೋಡಿ ಎರೆ ತುಂಬಿರಿ. ಮಣ್ಣನ್ನು 6 ಇಂಚಿನ ಪದರಾಗಿ ಹಾಕಿ, ನೀರು ಚಿಮುಕಿಸಿ ರೋಲರ್ ಓಡಿಸಿರಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಅಂಗೈ ಒದ್ದೆ ಆಗಬಾರದು. ಬರೀ ಎರೆ ಬೇಸಿಗೆಗೆ ಬಿರಿಯುತ್ತದೆ. ಅದು ಒಡ್ಡಿನ ಹೊಟ್ಟೆಯೊಳಗೆ ಇರಲಿ, ಮೇಲೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು. ಎತ್ತರ ಒಂದಡಿ ಆದರೆ ನೀರು ನಿಲ್ಲುವ ಒಳಬದಿಯ ಇಳಿಜಾರು 3 ಅಡಿ, ಹೊರಗೆ 2. ಒಡ್ಡಿನ ಮೇಲೆ ಹುಟ್ಟಿದ ಜಾಲಿಯನ್ನು ಸಸಿ ಇದ್ದಾಗಲೇ ಕೀಳಿರಿ. ಪ್ರತಿ ಮೇ ತಿಂಗಳಲ್ಲಿ ಹೆಗ್ಗಣದ ಬಿಲ ಅಗೆದು ಹಸಿ ಮಣ್ಣು ಗುದ್ದಿ ತುಂಬಿರಿ. ಅದೇ ಸಲಿಕೆಯಲ್ಲಿ ಕೋಡಿಯ ಹೂಳನ್ನೂ ತೆಗೆಯಿರಿ.